ದಾಯೋ ಕಣಜದ ಕೊನೆಯ ಮರಿ

ನಮ್ಮ ಮನೆಯಲ್ಲಿ ಹಸಿವು ಕೂಡ ವಯಸ್ಸಿನ ಪ್ರಕಾರವೇ ಬರಬೇಕು. ಮೊದಲು ದೊಡ್ಡವರಿಗೆ, ಆಮೇಲೆ ನಡುವಿನವರಿಗೆ, ಕಟ್ಟಕಡೆಗೆ ನಮಗೆ. ನಾವು ಅಂದರೆ ನಾನು ಮತ್ತು ನನ್ನ ಗಂಡ ಓಬುಯಾ. ಮೂವರು ಅಣ್ಣತಮ್ಮಂದಿರಲ್ಲಿ ಅವನು ಕೊನೆಯವನು. ಊರವರು ಅವನ ಹೆಸರು ಹಿಡಿದು ಕರೆಯುವುದು ಕಡಿಮೆ. ಚೋಗೋ ಎನ್ನುತ್ತಾರೆ, ಕೊನೆಗೂಸು ಎಂದರ್ಥ. ಗಡ್ಡದಲ್ಲಿ ಬಿಳಿಕೂದಲು ಇಣುಕುತ್ತಿರುವ ಗಂಡಸನ್ನು ಕೂಸು ಎಂದು ಕರೆದರೆ ಅವನು ಹಲ್ಲು ಕಿರಿದು ಓಗೊಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಬಿತ್ತನೆಯ ವಿಷಯಕ್ಕೆ ಬಂದರಂತೂ ಈ ಸಾಲು ಕಲ್ಲಿನಲ್ಲಿ ಕೆತ್ತಿದ್ದು. ಮಾವ ತೀರಿಕೊಂಡ ಮೇಲೆ ಹಿರಿಯ ಬಾವ ಒಗುಟು ಮೊದಲು ಬಿತ್ತಬೇಕು. ಹಿಂದಿನ ರಾತ್ರಿ ಗಂಡ ಹೆಂಡತಿ ಒಂದೇ ಸೂರಿನಡಿ ಮಲಗಿ ಎದ್ದು, ಬೆಳಗ್ಗೆ ಮೊದಲ ಹಿಡಿ ಬೀಜವನ್ನು ಹಿರಿಯ ಸೊಸೆಯೇ ಮಣ್ಣಿಗೆ ಹಾಕಬೇಕು. ಅವರ ಹೊಲವೆಲ್ಲ ಮುಗಿದ ಮೇಲೆ ನಡುವಿನವರು, ಅವರದ್ದೂ ಮುಗಿದ ಮೇಲೆ ನಾವು. ಸಾಲು ಮುರಿದರೆ ಚಿರಾ ತಟ್ಟುತ್ತದೆ, ಮೈ ಒಣಗಿ ಕಡ್ಡಿಯಾಗಿ ಸಾಯುತ್ತಾರೆ ಎಂದು ಹೆದರಿಕೆ. ಚಿರಾ ತಟ್ಟಿದವರನ್ನು ನಾನು ಕಣ್ಣಾರೆ ಕಂಡಿಲ್ಲ. ಹಾಗೆಂದು ಮೊದಲನೆಯವಳಾಗಿ ತಟ್ಟಿಸಿಕೊಳ್ಳಲು ನನಗೇನೂ ಆಸೆಯಿಲ್ಲ.

ಕೊನೆಯವರಾಗಿರುವುದರ ನಿಜವಾದ ಕಷ್ಟ ಏನು ಅಂದರೆ ಇಲಿ. ಬಿತ್ತನೆಯ ಮೆಕ್ಕೆಜೋಳದ ತೆನೆಗಳನ್ನು ಎಲ್ಲರೂ ಅಡುಗೆಮನೆಯ ಸೂರಿಗೆ ಕಟ್ಟಿ ಇಟ್ಟಿರುತ್ತೇವೆ. ಹಿರಿಯರ ತೆನೆ ಬೇಗ ಕೆಳಗಿಳಿಯುತ್ತದೆ. ನನ್ನ ತೆನೆ ಕಾಯುತ್ತ ತೂಗಾಡುತ್ತದೆ. ಉಳಿದಿಬ್ಬರ ಸೂರು ಖಾಲಿಯಾದ ದಿನ ಮನೆಯ ಇಲಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ನನ್ನ ಅಡುಗೆಮನೆಗೆ ಬರುತ್ತವೆ. ಕಳೆದ ವರ್ಷ ಅವು ಅರ್ಧ ಬೀಜ ತಿಂದು ಹಾಕಿದವು. ಅರ್ಧ ಹೊಲ ಬೋಳಾಗಿ ಉಳಿಯಿತು. ನಡುವಿನ ಓರಗಿತ್ತಿ ಬೇಲಿಯ ಆಚೆ ನಿಂತು, "ಅಸೆಂಬೋ ಮಗಳೇ, ನಿನ್ನ ಹೊಲಕ್ಕೆ ಯಾವಾಗಮ್ಮ ಹಲ್ಲು ಬಿತ್ತು?" ಎಂದು ಕೇಳಿದಳು. ನಮ್ಮಲ್ಲಿ ಸೊಸೆಯರನ್ನು ತವರೂರಿನ ಮಗಳೆಂದೇ ಕರೆಯುವುದು. ಅವಳು ಸಕ್ವಾ ಮಗಳು. ಸಕ್ವಾದಲ್ಲಿ ನಾಲಿಗೆಗೆ ಮೂಳೆ ಇರುವುದಿಲ್ಲವೋ ಏನೋ, ನನಗೆ ಗೊತ್ತಿಲ್ಲ.

ಈ ವರ್ಷ ಮಳೆಗೆ ಮುಂಚೆಯೇ ಇಲಿಗಳು ಕಾಣೆಯಾದವು. ನಾನು ಬೆಕ್ಕಿನ ಪುಣ್ಯ ಎಂದುಕೊಂಡೆ. ಆದರೆ ನಮ್ಮ ಬೆಕ್ಕು ಒಲೆಯ ಪಕ್ಕದಿಂದ ಎದ್ದಿದ್ದನ್ನೇ ಯಾರೂ ನೋಡಿರಲಿಲ್ಲ. ಒಂದು ಸಂಜೆ ಸಕ್ವಾ ಮಗಳು ಓಡಿಬಂದು, ಅತ್ತೆಯ ಹಳೆಯ ಕಣಜದಲ್ಲಿ ಯಾರೋ ಕುಡುಕ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ ಎಂದಳು. ಎಲ್ಲರೂ ಕೋಲು ಹಿಡಿದು ಹೋದೆವು. ಬಿದಿರಿನ ಕಾಲುಗಳ ಮೇಲೆ ನಿಂತ, ಬುಟ್ಟಿಯಂತೆ ಹೆಣೆದ ಆ ಕಣಜ ವರ್ಷಗಳಿಂದ ಖಾಲಿ; ಹುಲ್ಲಿನ ಮುಚ್ಚಳ ಒಂದು ಕಡೆ ಜಾರಿತ್ತು. ಗೊರಕೆ ನಿಜವಾಗಿಯೂ ಕೇಳುತ್ತಿತ್ತು. ಒಗುಟು ಬಾವ ಗಂಟಲು ಸರಿಮಾಡಿಕೊಂಡು, "ಯಾರೋ ಒಳಗೆ? ಮರ್ಯಾದೆಯಿಂದ ಇಳಿ!" ಎಂದು ಗದರಿದ. ಆ ಗದರಿಕೆಗೆ ಒಂದು ದೊಡ್ಡ ಬಿಳಿಗೂಬೆ ಸದ್ದಿಲ್ಲದೆ ಹೊರಗೆ ಹಾರಿ ಅವನ ಹ್ಯಾಟಿನ ಮೇಲಿಂದಲೇ ಹೋಯಿತು.

ನನ್ನ ಬಾವ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಹೋದಷ್ಟೇ ವೇಗವಾಗಿ ಒಲೆಯಿಂದ ಉರಿಯುವ ಕೊಳ್ಳಿ ಹಿಡಿದು ಬಂದ. ಗೂಬೆ ಮನೆಗೆ ಬಂದರೆ ಕೊಳ್ಳಿ ಎಸೆದು ಓಡಿಸುವುದು ಎಲ್ಲರೂ ಮಾಡುವುದೇ. ಆದರೆ ಕಣಜದ ಕೆಳಗೆ ನಮ್ಮ ಅತ್ತೆ ನಿಂತಿದ್ದಳು. ಮೊಮ್ಮಕ್ಕಳ ಜೊತೆಗೆ ನಾವೂ ಅವಳನ್ನು ದಾಯೋ, ಅಜ್ಜಿ, ಎಂದೇ ಕರೆಯುತ್ತೇವೆ. ಸಿಗರೇಟಿನ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಸೇದುವ ಹಳೇ ಕಾಲದ ಹೆಂಗಸು. ಬೆಂಕಿ ಕಂಡು ಹೆದರುವವಳಲ್ಲ.

"ಅವ್ವಾ, ಪಕ್ಕಕ್ಕೆ ಸರಿ. ಗೂಬೆ ಬಂದ್ರೆ ಅದರ ಹಿಂದೇನೇ ಸಾವು ಬರುತ್ತೆ," ಎಂದ ಒಗುಟು.

"ಬರ್ಲಿ ಬಿಡು. ನನ್ನ ವಯಸ್ಸಿಗೆ ಅದು ಗೂಬೆ ಕರೀದಿದ್ರೂ ಬರುತ್ತೆ. ಈ ಗೂಬೆ ಬಂದ್ಮೇಲೆ ನನ್ನ ಗುಡಿಸಲಲ್ಲಿ ಇಲಿ ಕಾಟ ಇಲ್ಲ, ಕಾಲ್ಬೆರಳು ಕಚ್ಚಿಸ್ಕೊಳ್ದೆ ನಿದ್ದೆ ಮಾಡ್ತಿದೀನಿ. ಕಣಜ ನಂದು. ನಾನಿರೋವರ್ಗೂ ಇದಕ್ಕೆ ಬೆಂಕಿ ಇಡೋ ಮಗ ಹುಟ್ಟಿಲ್ಲ. ಹುಟ್ಟಿದ್ರೆ ನಾನೇ ತಾನೇ ಹೆರಬೇಕಿತ್ತು, ನಂಗೆ ಗೊತ್ತಾಗ್ತಿರ್ಲಿಲ್ವಾ?"

ನನಗೆ ಆಗಲೇ ಹೊಳೆದದ್ದು, ಇಲಿಗಳು ಹೋದದ್ದು ಯಾರ ಹೊಟ್ಟೆಗೆ ಎಂದು. ನಾನೂ ಮೆಲ್ಲಗೆ ಹೋಗಿ ದಾಯೋ ಪಕ್ಕ ನಿಂತೆ. ಒಗುಟು ಬಾವ ಕೊಳ್ಳಿ ಕೆಳಗಿಳಿಸಿದ, ಆದರೆ ಮಾತು ಕೆಳಗಿಳಿಸಲಿಲ್ಲ.

"ಸರಿ. ಹಿರಿಯ ಮಗನಾಗಿ ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಈ ಸೂರಿನಡಿ ಒಂದೇ ಒಂದು ಜೀವ ಸತ್ರೂ ಸಾವು ಮನೆಯೊಳಗೆ ಕಾಲಿಡ್ತು ಅಂತಾನೇ ಲೆಕ್ಕ. ಅದು ಗೂಬೆ ಮರಿ ಆದ್ರೂ ಸರಿ. ಅವತ್ತೇ ಕಣಜ ಬೂದಿ. ಆಮೇಲೆ ನೀನು ಅಡ್ಡ ಬರಂಗಿಲ್ಲ."

"ಆಯ್ತು. ಇಲಿ ಸತ್ರೆ ಲೆಕ್ಕಕ್ಕಿಲ್ಲ," ಎಂದಳು ದಾಯೋ.

ಮರುದಿನ ನಾನು ಒರಳನ್ನು ಮಗುಚಿ, ಅದರ ಮೇಲೆ ಹತ್ತಿ, ಕಣಜದ ಹೆಣಿಗೆಯ ಸಂದಿಯಲ್ಲಿ ಇಣುಕಿದೆ. ಒಳಗೆ ಐದು ಮರಿಗಳು. ಗೆಣಸಿನ ಎಲೆಯ ಆಕಾರದ ಮುಖ, ಮೈತುಂಬ ಕೊಳಕು ಬಿಳಿ ತುಪ್ಪಳ. ಎಲ್ಲವೂ ಒಂದೇ ದಿನ ಹುಟ್ಟಿದವಲ್ಲ, ಮೊಟ್ಟೆಗಳು ಬಿಟ್ಟು ಬಿಟ್ಟು ಒಡೆದಿರಬೇಕು. ಸಾಲಾಗಿ ನಿಂತರೆ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು. ಮೊದಲನೆಯದು ಕೋಳಿಯಷ್ಟಿತ್ತು. ಕೊನೆಯದು ನನ್ನ ಮುಷ್ಟಿಯಷ್ಟಿತ್ತು, ತಲೆ ಎತ್ತಿದರೆ ಅದರ ಭಾರಕ್ಕೆ ಹಿಂದಕ್ಕೆ ಮಗುಚಿ ಬೀಳುತ್ತಿತ್ತು. ದೊಡ್ಡದಕ್ಕೆ ನಾನು ಬಾವ ಎಂದು ಹೆಸರಿಟ್ಟೆ. ಕೊನೆಯದಕ್ಕೆ ಚೋಗೋ ಅಲ್ಲದೆ ಬೇರೆ ಯಾವ ಹೆಸರು ಸರಿಹೋದೀತು?

ಚೋಗೋ ಬದುಕಿದರೆ ಕಣಜ ಉಳಿಯುತ್ತದೆ, ಕಣಜ ಉಳಿದರೆ ಗೂಬೆ ಉಳಿಯುತ್ತದೆ, ಗೂಬೆ ಉಳಿದರೆ ನನ್ನ ಬೀಜ ಉಳಿಯುತ್ತದೆ. ಅಂದಿನಿಂದ ಆ ಮುಷ್ಟಿಗಾತ್ರದ ಕುರೂಪಿಯ ಉಸಿರಿನ ಮೇಲೆ ನನ್ನ ಇಡೀ ವರ್ಷದ ಊಟ ನಿಂತಿತು.

ಅಷ್ಟರಲ್ಲಿ ಮಳೆ ಬಂತು. ಒಳ್ಳೇ ಮಳೆ, ಮಣ್ಣು ಬೆಣ್ಣೆಯಂತಾಯಿತು. ಸುತ್ತಲಿನ ಮನೆಗಳೆಲ್ಲ ಹೊಲಕ್ಕಿಳಿದವು. ನಮ್ಮ ಮನೆ ಮಾತ್ರ ಜಗುಲಿಯ ಮೇಲೆ ಕೂತು ಮಳೆ ನೋಡುತ್ತಿತ್ತು. ಯಾಕೆಂದರೆ ಹಿರಿಯ ಸೊಸೆ ಮನೆಯಲ್ಲಿರಲಿಲ್ಲ.

ಅದು ಕೋಳಿಯ ಕಥೆ. ಕೋಳಿ ಕೊಯ್ದರೆ ಕಲ್ಲು ಅರೆಯುವ ಆ ಗಟ್ಟಿ ಹೊಟ್ಟೆಯ ತುಂಡು ಮನೆಯ ಯಜಮಾನನಿಗೇ ಸಲ್ಲಬೇಕು. ಹಿರಿಯ ಓರಗಿತ್ತಿ, ಅಲೆಗೋ ಮಗಳು, ಬೆಂದಿದೆಯೋ ಇಲ್ಲವೋ ನೋಡುತ್ತೇನೆ ಎಂದು ಅದನ್ನು ಬಾಯಿಗೆ ಹಾಕಿಕೊಂಡಳು. ಬೆಂದಿತ್ತು. ಒಗುಟು ಬಾವ ಸಾರಿನ ಪಾತ್ರೆಯನ್ನೆಲ್ಲ ಸೌಟಿನಲ್ಲಿ ತಡಕಾಡಿ, ನನ್ನ ಮನೆಯಲ್ಲಿ ನನಗೇ ಮರ್ಯಾದೆ ಇಲ್ಲ ಎಂದು ಕೂಗಾಡಿದ. ಅವಳು, "ಮರ್ಯಾದೆ ಕೋಳಿ ಹೊಟ್ಟೇಲಿ ಇರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದು ಹೇಳಿ ತವರಿಗೆ ಹೋಗಿಬಿಟ್ಟಳು. ಕರೆತರಲು ಇವನು ಹೋಗಬೇಕು. ಅವಳೇ ಬರಲಿ ಎಂದು ಇವನು ಸೀಬೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ. ಹೆಂಡತಿಯಿಲ್ಲದೆ ಅವನು ಬಿತ್ತುವಂತಿಲ್ಲ. ಅವನು ಬಿತ್ತದೆ ನಾವ್ಯಾರೂ ಬಿತ್ತುವಂತಿಲ್ಲ.

ಇದನ್ನು ಅವನ ಮುಖಕ್ಕೆ ಹೇಳುವವರು ಯಾರು? ನಡುವಿನ ಬಾವ ಹೇಳಲಿಲ್ಲ. ನನ್ನ ಗಂಡನಿಗೆ ಹೇಳಿದೆ. "ಹೇಳ್ತೀನಿ, ಹೇಳ್ತೀನಿ," ಎಂದು ಅಣ್ಣನ ಹತ್ತಿರ ಹೋಗಿ, ಎದುರು ಕೂತು, ಮೋಡ ನೋಡಿ, "ಈ ಸಲ ಮಳೆ ಚೆನ್ನಾಗಿದೆ ಅಲ್ವಾ ಅಣ್ಣ?" ಎಂದು ಕೇಳಿ ಎದ್ದು ಬಂದ. ಅವನ ತಲೆಯ ಮೇಲೆ ಕೊಡ ಬಡಿಯಬೇಕು ಅನ್ನಿಸಿತು. ಕೊಡ ಒಳ್ಳೆಯದಿತ್ತು, ಅದಕ್ಕೇ ಬಿಟ್ಟೆ.

ಮಳೆ ಗೂಬೆಗಳಿಗೂ ಕಷ್ಟ ತಂದಿತು. ರೆಕ್ಕೆ ನೆನೆದರೆ ಅವು ಬೇಟೆಗೆ ಹೋಗುವುದಿಲ್ಲ. ಮಳೆ ನಿಂತ ಚೂರು ಹೊತ್ತಿನಲ್ಲಿ ತಾಯಿಯೋ ತಂದೆಯೋ ಒಂದು ಇಲಿ ತಂದು ಹಾಕಿ ಹೋಗುವುದು, ಮತ್ತೆ ಮಳೆ. ದಿನಾ ಮುಸ್ಸಂಜೆ ನಾನು ಒರಳಿನ ಮೇಲೆ ಹತ್ತಿ ನೋಡುತ್ತಿದ್ದೆ. ಬಂದ ಇಲಿಯನ್ನು ದೊಡ್ಡ ಮರಿ, ನನ್ನ ಬಾವ, ಮುಂದೆ ನುಗ್ಗಿ ಕಸಿದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಕತ್ತಲಾಗಿ ಮುಂದೇನಾಯಿತು ಎಂದು ಕಾಣುತ್ತಿರಲಿಲ್ಲ. ಕಾಣಬೇಕಾದ್ದೇನಿದೆ? ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ನೋಡಿದ್ದೇ ಅದು. ಬೆಳಗ್ಗೆ ಚೋಗೋ ಎಲ್ಲರ ಕಾಲ ಕೆಳಗೆ ಕಣ್ಣು ಮುಚ್ಚಿ ಬಿದ್ದಿರುತ್ತಿತ್ತು. ಕಡ್ಡಿಯಿಂದ ತಿವಿದರೆ ಒಂದು ಕಣ್ಣು ತೆರೆದು, ಬೈದ ಹಾಗೆ ನೋಡಿ, ಮತ್ತೆ ಮುಚ್ಚುತ್ತಿತ್ತು.

ಒಗುಟು ಬಾವ ಕೂಡ ದಿನಾ ಸೀಬೆಮರದಿಂದಲೇ ಕೂಗಿ ವಿಚಾರಿಸುತ್ತಿದ್ದ.

"ಅಸೆಂಬೋ ಮಗಳೇ, ಸತ್ತಿತಾ?"

"ಇಲ್ಲ ಬಾವ, ಊಟ ಮಾಡಿ ಮಲಗಿದೆ."

"ಇವತ್ತು ನೋಡೋಕೆ ಹೇಗಿದೆ?"

"ನಿಮ್ಮ ಹಾಗೇ ಇದೆ ಬಾವ. ಕೂತಲ್ಲಿಂದ ಏಳ್ತಿಲ್ಲ."

ಬಾಯಿಗೇನೋ ಹೀಗೆ ಬಂತು, ಆದರೆ ಒಳಗೆ ನನಗೆ ಹೆದರಿಕೆ. ಹೊಗೆಯಿಲ್ಲದ ದಿನ ಸೂರಿನ ತೆನೆಗಳು ತೇವಕ್ಕೆ ಮೊಳಕೆಯೊಡೆಯುವ ವಾಸನೆ ಬರುತ್ತಿತ್ತು. ಬಿತ್ತಲೂ ಆಗದು, ತಿನ್ನಲೂ ಆಗದು, ಕಾಯಲು ಗೂಬೆಯೂ ಇಲ್ಲವಾದರೆ ಈ ವರ್ಷ ಅರ್ಧ ಹೊಲವೂ ಇಲ್ಲ. ಚೋಗೋಗೆ ಒಣಗಿದ ಓಮೆನಾ ಮೀನು ತಂದು ಬಾಯಿಗಿಟ್ಟೆ. ಅದು ಮೀನನ್ನು ಉಗಿದು ನನ್ನ ಬೆರಳನ್ನು ಕಚ್ಚಿತು. ಕಚ್ಚುವ ಶಕ್ತಿಯೂ ಸರಿಯಾಗಿರಲಿಲ್ಲ ಎಂಬುದೇ ನನಗೆ ನೋವಾದದ್ದು.

ಆಗ ನನಗೆ ಒಂದು ಯೋಚನೆ ಬಂತು. ಹಿರಿಯನನ್ನೇ ಸಾಲಿನಿಂದ ತೆಗೆದುಬಿಟ್ಟರೆ? ಮನೆಯಲ್ಲಂತೂ ಆಗದ ಕೆಲಸ, ಕಣಜದಲ್ಲಾದರೂ ಆಗಲಿ. ನಡುಮಧ್ಯಾಹ್ನ ಎಲ್ಲರೂ ತೂಕಡಿಸುವಾಗ ಕೈಗೆ ಗೋಣಿ ಸುತ್ತಿಕೊಂಡು ಬಾವ ಮರಿಯನ್ನು ಹಿಡಿದೆ. ಅದು ಬೆನ್ನಡಿಯಾಗಿ ಉರುಳಿ, ಕಾಲು ಮೇಲೆತ್ತಿ, ಬಾಣಲೆಗೆ ನೀರು ಬಿದ್ದಂತೆ ಚುಸ್ ಎಂದಿತು. ಅದನ್ನು ಕೋಳಿಮರಿ ಮುಚ್ಚುವ ಬುಟ್ಟಿಯಡಿ ನನ್ನ ಅಡುಗೆಮನೆಯಲ್ಲಿ ಕೂರಿಸಿ ಮೇಲೊಂದು ಕಲ್ಲಿಟ್ಟೆ. ಎಷ್ಟೋ ವರ್ಷದಿಂದ ಮಾಡಬೇಕೆಂದಿದ್ದ ಕೆಲಸವನ್ನು ಮಾಡಿದಷ್ಟು ಹಿತವಾಯಿತು. ಬುಟ್ಟಿಯ ಮುಂದೆ ಕೂತು, "ಈಗ ಹೇಗಿದೆ ಬಾವ? ಕಾಯೋದು ಅಂದ್ರೆ ಏನು ಅಂತ ಗೊತ್ತಾಯ್ತಾ?" ಎಂದು ಕೇಳಿದೆ. ಅಡುಗೆಮನೆಗೆ ಬಂದ ಓಬುಯಾ ಒಮ್ಮೆ ಬುಟ್ಟಿ ನೋಡಿದ, ಒಮ್ಮೆ ನನ್ನನ್ನು ನೋಡಿದ, ಊಟ ಹೊರಗೇ ಮಾಡುತ್ತೇನೆ ಎಂದು ತಟ್ಟೆ ಹಿಡಿದು ಹೋದ.

ಆ ಸಂಜೆ ಬಂದ ಇಲಿಗೆ ಎರಡನೆಯದೂ ಮೂರನೆಯದೂ ಎರಡು ಕಡೆ ಜೋತುಬಿದ್ದವು. ನಾಲ್ಕನೆಯದು ನಡುವೆ ಬಿದ್ದು ತುಳಿಸಿಕೊಂಡಿತು. ಇಲಿ ಕಣಜದ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು, ನಾಯಿ ತಿಂದಿತು. ಚೋಗೋ ಒಂದೇ ಸಮನೆ ಕೂಗುತ್ತಿತ್ತು; ಯಾರೂ ಅದರ ಕಡೆ ತಿರುಗಲಿಲ್ಲ. ಮರುಸಂಜೆಯೂ ಇದೇ ರಂಪ. ಅದರ ಮರುದಿನ ಬೆಳಗ್ಗೆ ಕಡ್ಡಿಯಿಂದ ತಿವಿದರೆ ಚೋಗೋ ಕಣ್ಣು ತೆರೆಯಲಿಲ್ಲ. ಎದೆ ಮಾತ್ರ ಸಣ್ಣಗೆ ಆಡುತ್ತಿತ್ತು.

ನಾನು ಒರಳಿನ ಮೇಲೆ ನಿಂತೇ ಅತ್ತುಬಿಟ್ಟೆ. ದಾಯೋ ಕೋಲೂರಿಕೊಂಡು ಬಂದಳು.

"ಯಾಕೆ ಹುಡುಗಿ?"

"ದೊಡ್ಡದನ್ನ ತೆಗೆದ್ರೆ ಚಿಕ್ಕದಕ್ಕೆ ಸಿಗುತ್ತೆ ಅಂದ್ಕೊಂಡೆ, ದಾಯೋ. ಈಗ ಯಾರಿಗೂ ಸಿಗ್ತಿಲ್ಲ."

"ದೊಡ್ಡದನ್ನ ತೆಗೆದ್ಯಾ? ಎಲ್ಲಿಟ್ಟೆ?"

"ನನ್ನ ಅಡುಗೆಮನೇಲಿ. ಬುಟ್ಟಿ ಕೆಳಗೆ."

ದಾಯೋ ಬಾಯಿಂದ ಸಿಗರೇಟು ತೆಗೆದಳು. ಅವಳು ಸಿಗರೇಟು ತೆಗೆದು ಮಾತಾಡಿದರೆ ಬೈಗುಳ ದೊಡ್ಡದಿರುತ್ತದೆ ಎಂದು ನಮಗೆಲ್ಲ ಗೊತ್ತು.

"ಅಯ್ಯೋ ದಡ್ಡಿ! ಗೂಬೆಗೆ ನಿನ್ನ ಬಾವನ ಹೆಸರಿಟ್ಟ ತಕ್ಷಣ ಅದು ನಿನ್ನ ಬಾವ ಆಗ್ಬಿಡುತ್ತಾ? ದೊಡ್ಡದರ ಹೊಟ್ಟೆ ತುಂಬಿದ್ರೆ ತಾನೇ ಉಳಿದದ್ದು ಕೆಳಗಿಳಿಯೋದು! ರಾತ್ರಿಯೆಲ್ಲ ನಿದ್ದೆ ಬರದೆ ಇಲ್ಲಿ ಕೂತಿರ್ತೀನಿ, ನಂಗೆ ಕೇಳ್ಸುತ್ತೆ. ಕೂಗೋದು ಒಂದೇ ಒಂದು, ಹಸಿದದ್ದು. ಮಿಕ್ಕವು ಬಾಯಿ ಮುಚ್ಕೊಂಡು ದಾರಿ ಬಿಡ್ತವೆ. ಈ ಎರಡು ದಿನ ಎಲ್ಲಾವೂ ಕೂಗ್ತಿವೆ. ನಾನು ಯಾಕಪ್ಪಾ ಅಂತ ಯೋಚ್ನೆ ಮಾಡ್ತಿದ್ದೆ. ಹೋಗು, ಮೊದ್ಲು ತಂದು ಬಿಡು."

ಓಡಿದೆ. ಬುಟ್ಟಿ ಎತ್ತಿ, ಬಾವ ಮರಿಯನ್ನು ಗೋಣಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಅಂಗಳ ದಾಟುವಾಗ ಒಗುಟು ಬಾವ ಎದುರಾದ. ಗೋಣಿಯಿಂದ ಬಿಳಿಮುಖವೊಂದು ಹೊರಬಂದು ಅವನನ್ನು ನೋಡಿ ತಲೆ ಅಲ್ಲಾಡಿಸಿತು.

"ಅದು... ಅದು ನಿನ್ನ ಅಡುಗೆಮನೆಯಿಂದ ಬಂತಾ?"

"ಹೌದು ಬಾವ."

"ಗೂಬೇನ ಒಲೆ ಪಕ್ಕ ಕೂರಿಸಿದ್ಯಾ? ನಿಂಗೆ ಹುಚ್ಚು ಹಿಡಿದಿದ್ಯಾ? ಹಾಗಾದ್ರೆ ಚಿಕ್ಕದು ಸತ್ತಿದೆ. ನನ್ನಿಂದ ಮುಚ್ಚಿಡ್ತಿದೀರಿ ಎಲ್ಲರೂ ಸೇರ್ಕೊಂಡು. ಇವತ್ತು ನಾನೇ ನೋಡ್ತೀನಿ!"

"ನೋಡು. ಆದ್ರೆ ಸಂಜೆ ಬಾ," ಎಂದಳು ದಾಯೋ. "ಊಟದ ಹೊತ್ತಿಗೆ ನೋಡು. ಹಗಲಲ್ಲಿ ಸತ್ತದ್ದಕ್ಕೂ ಮಲಗಿದ್ದಕ್ಕೂ ನಿಂಗೆ ವ್ಯತ್ಯಾಸ ಗೊತ್ತಾಗಲ್ಲ."

ಆ ಹಗಲು ಹೇಗೆ ಕಳೆಯಿತು ಎಂದು ನನ್ನನ್ನು ಕೇಳಬೇಡಿ. ಹಿಟ್ಟು ತಿರುವುತ್ತ ಮುದ್ದೆಯನ್ನು ಸೀಯಿಸಿದೆ. ಮಧ್ಯಾಹ್ನ ಮಳೆ ಜೋರಾಯಿತು. ಇವತ್ತೂ ಬೇಟೆ ಇಲ್ಲ, ಮುಗಿಯಿತು ಎಂದುಕೊಂಡೆ. ಸಂಜೆಗೆ ಮುಂಚೆ ಮೋಡ ಒಡೆದು ಹಳದಿ ಬಿಸಿಲು ಬಿತ್ತು. ಒಗುಟು ಬಾವ ಕೊಳ್ಳಿ ಹಿಡಿದು ಬಂದ. ಹಿಂದೆ ಸಕ್ವಾ ಮಗಳು, ಅವಳ ಗಂಡ, ನನ್ನ ಗಂಡ. ಒಗುಟು ನನ್ನ ಒರಳಿನ ಮೇಲೆ ಹತ್ತಿ ಒಂದು ಸಂದಿಯಲ್ಲಿ ಕಣ್ಣಿಟ್ಟ. ನಾನು ಈಚೆಯ ಬದಿ ಒಂದು ಕೊಡ ಮಗುಚಿ ನಿಂತೆ.

"ಕೊನೇದು ಅಲ್ಲಾಡ್ತಿಲ್ಲ," ಎಂದ ಅವನು. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದನ್ನು ನಾನು ಒಪ್ಪಿಕೊಳ್ಳಬೇಕು.

ತಾಯಿಗೂಬೆ ಬಂತು. ನಾವು ನಿಂತದ್ದನ್ನು ಕಂಡು ಒಂದು ಸುತ್ತು ಹೆಚ್ಚು ಹಾರಿ, ಮುಚ್ಚಳದ ಸಂದಿಯಿಂದ ಒಂದು ಕೊಬ್ಬಿದ ಇಲಿಯನ್ನು ಎಸೆದು ಹೋಯಿತು. ಬಾವ ಮರಿ ಎಲ್ಲರನ್ನೂ ತಳ್ಳಿ ಅದನ್ನು ಕಚ್ಚಿ ಹಿಡಿಯಿತು. ಎರಡನೆಯದೂ ಮೂರನೆಯದೂ ತಾವಾಗಿಯೇ ಹಿಂದೆ ಸರಿದವು.

"ನೋಡಿದ್ರಾ? ಹಿರಿಯನ ಪಾಲು. ಅವಕ್ಕೂ ಗೊತ್ತು," ಎಂದ ಒಗುಟು.

ಬಾವ ಮರಿ ಇಲಿಯನ್ನು ಒಂದೇ ತುತ್ತಿಗೆ ನುಂಗಿತು. ಅದರ ಬಾಲ ಬಹಳ ಹೊತ್ತು ಕೊಕ್ಕಿನಿಂದ ನೇತಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಂದೆಗೂಬೆ ಇನ್ನೊಂದು ತಂದಿತು. ಅದನ್ನೂ ಬಾವ ಮರಿಯೇ ಹಿಡಿಯಿತು. ಆಗ ಚೋಗೋ ಕಣ್ಣು ಮುಚ್ಚಿಕೊಂಡೇ ಕೂಗಿತು. ಕೂಗು ಅನ್ನುವಂಥದ್ದಲ್ಲ, ಹರಿದ ಚೀಲದಿಂದ ಗಾಳಿ ಹೋದ ಹಾಗೆ. ಬಿಡದೆ ಕೂಗಿತು. ಬಾವ ಮರಿ ಇಲಿ ಕಚ್ಚಿಕೊಂಡೇ ನಿಂತು ಕೇಳಿಸಿಕೊಂಡಿತು. ಆಮೇಲೆ ನಡುವಿನವರ ಕಾಲು ತುಳಿಯುತ್ತ ಮೂಲೆಗೆ ನಡೆದು ಹೋಯಿತು. ಇಲಿಯನ್ನು ಚೋಗೋ ಕೊಕ್ಕಿನ ಮುಂದೆ ಹಿಡಿಯಿತು. ಚೋಗೋ ತೆಗೆದುಕೊಳ್ಳಲಿಲ್ಲ. ದೊಡ್ಡದು ಇಲಿಯನ್ನು ಕಾಲಡಿ ಒತ್ತಿ ಒಂದು ಚೂರು ಹರಿದು ಮತ್ತೆ ಹಿಡಿಯಿತು. ಈ ಸಲ ಚೋಗೋ ಬಾಯಿ ತೆರೆಯಿತು.

ಹೀಗೇ ಒಂದೊಂದೇ ಚೂರು. ನಾನು ಕೊಡದ ಮೇಲೆ ನಿಂತು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಎರಡು ದಿನ ಅದನ್ನು ಬುಟ್ಟಿಯಡಿ ಕೂಡಿಹಾಕಿ ಬೈದಿದ್ದೆನಲ್ಲ, ಅದರ ಕಾಲಿಗೆ ಬೀಳಬೇಕು ಅನ್ನಿಸಿತು. ಚೋಗೋ ಹೊಟ್ಟೆ ಉಬ್ಬಿಸಿಕೊಂಡು, ಕೊನೆಯ ಚೂರಿನ ನಂತರ ಅಣ್ಣನ ಕಾಲನ್ನೇ ಇನ್ನೊಂದು ಚೂರು ಎಂದುಕೊಂಡು ಕಚ್ಚಿತು. ಅಣ್ಣ ಒಂದು ಕುಕ್ಕು ಕೊಟ್ಟಿತು.

ಒಗುಟು ಬಾವ ಕಣ್ಣು ತೆಗೆಯಲೇ ಇಲ್ಲ. ಅವನ ಕೈಯ ಕೊಳ್ಳಿ ಆರಿ ಹೊಗೆಯಾಡುತ್ತಿತ್ತು. ಕೊನೆಗೆ ಒರಳಿನಿಂದ ಇಳಿದು ನನ್ನ ಕಡೆ ತಿರುಗಿದ.

"ಆ ಚಿಕ್ಕದು ಕೂಗಿತಲ್ಲ, ಏನಂತ ಕೂಗಿತು?"

"ಹಸಿವಾಗ್ತಿದೆ ಅಂತ ಬಾವ. ಇನ್ನೇನಂತ ಕೂಗುತ್ತೆ?"

"ಹೂಂ." ಅವನು ಆರಿದ ಕೊಳ್ಳಿಯನ್ನು ನೋಡಿದ. "ನೀವ್ಯಾರೂ ಕೂಗ್ಲಿಲ್ಲ ನನ್ನ ಹತ್ರ."

ಎಲ್ಲರೂ ನೆಲ ನೋಡಿದರು. ನನ್ನ ಗಂಡ ಮೋಡ ನೋಡಿದ. ಇವನು ಈಗ ಮಳೆಯ ಬಗ್ಗೆ ಶುರುಮಾಡುತ್ತಾನೆ ಎಂದು ನನಗೆ ಗೊತ್ತಾಯಿತು. ಅಷ್ಟರೊಳಗೆ ನನ್ನ ಬಾಯಿ ತೆರೆದುಕೊಂಡಿತ್ತು.

"ನಾನು ಕೂಗ್ತೀನಿ ಬಾವ. ನನ್ನ ಬೀಜ ಸೂರಲ್ಲೇ ಮೊಳಕೆ ಬರ್ತಿದೆ. ಹೋದ ವರ್ಷ ನಾವು ಊಟ ಬಿಟ್ಟ ಸಂಜೆಗಳು ನಿಮಗೆ ಗೊತ್ತಿಲ್ಲ, ಯಾಕಂದ್ರೆ ನಿಮ್ಮ ತಮ್ಮ ಹೊಟ್ಟೆ ನೋವು ಅಂತ ಹೇಳಿ ಮಲಗ್ತಿದ್ರು. ಒಂದು ಕೋಳಿ ಹೊಟ್ಟೆಗೋಸ್ಕರ ಮೂರು ಮನೆ ಹೊಟ್ಟೆ ಖಾಲಿ ಇಡ್ತಿದೀರಿ. ಹೋಗಿ ಅಕ್ಕನ್ನ ಕರ್ಕೊಂಡ್ ಬನ್ನಿ. ಅವರು ಬರಲ್ಲ ಅಂದ್ರೆ ಅಲ್ಲೇ ಕೂತು ನೀವೂ ಕೂಗಿ!"

ಸಕ್ವಾ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಕಿರಿಯ ಸೊಸೆ ಹಿರಿಯ ಬಾವನಿಗೆ ಹೀಗೆ ಮಾತಾಡಿದ್ದು ಆ ಅಂಗಳದಲ್ಲಿ ಅದೇ ಮೊದಲಿರಬೇಕು. ಓಬುಯಾ ಬಂದು ನನ್ನ ಪಕ್ಕ ನಿಂತ. "ನಿಜ ಅಣ್ಣ. ಹೊಟ್ಟೆನೋವು ಇರ್ಲಿಲ್ಲ," ಎಂದ. ಅವನು ಅಷ್ಟು ಹೇಳಿದ್ದಕ್ಕೇ ಕೊಡ ಬಡಿಯಬೇಕೆಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಒಗುಟು ಬಾವ ಆರಿದ ಕೊಳ್ಳಿಯನ್ನು ಅಲ್ಲೇ ಎಸೆದು ಹೋದ. ಬೆಳಗ್ಗೆ ನೋಡಿದರೆ ಸೀಬೆಮರದ ಕೆಳಗೆ ಕುರ್ಚಿ ಖಾಲಿ, ಸೈಕಲ್ಲೂ ಇಲ್ಲ. ಸಂಜೆಗೆ ಕೆಸರಲ್ಲಿ ಮಿಂದು ಬಂದ, ಹಿಂದಿನ ಸೀಟಿನಲ್ಲಿ ಅಲೆಗೋ ಮಗಳು ರಾಣಿಯ ಹಾಗೆ ಕೂತಿದ್ದಳು. ದಿಬ್ಬದಲ್ಲಿ ಕೂಡ ಅವಳು ಇಳಿಯಲಿಲ್ಲವಂತೆ. "ತಳ್ಳಲಿ, ನಂಗೇನು!" ಎಂದಳು ನನಗೆ.

ಮರುಮುಂಜಾನೆ ಹಿರಿಯ ಸೊಸೆ ಮೊದಲ ಹಿಡಿ ಹಾಕಿದಳು. ಒಂದು ಸಾಲು ಮುಗಿಯಿತು. ಒಗುಟು ಬಾವ ಗುದ್ದಲಿ ಊರಿ ನೆಟ್ಟಗೆ ನಿಂತು ಕೂಗಿದ: "ನಡುವಿನವರು ಶುರು ಮಾಡಿ! ಒಂದು ಸಾಲಾದ್ಮೇಲೆ ಚೋಗೋನ ಕರೀರಿ!"

"ನಿನ್ನ ಹೊಲ ಇನ್ನೂ ಪೂರ್ತಿ ಬಾಕಿ ಇದೆಯಲ್ಲ ಅಣ್ಣ?" ಎಂದ ನಡುವಿನ ಬಾವ.

"ಮೊದ್ಲು ನಾನು ಬಿತ್ತಬೇಕು ಅಂತ ತಾನೇ ಇರೋದು? ಬಿತ್ತಿದೆ. ನಾನು ಮುಗಿಸೋವರ್ಗೂ ಕಾಯ್ಬೇಕು ಅಂತ ಸತ್ತ ಅಪ್ಪ ಎಲ್ಲಿ ಹೇಳಿದ್ದ? ಅವ್ವಾ, ಹೇಳಿದ್ನಾ?"

"ಅವನು ನನ್ನ ಹತ್ರ ಬೇರೆ ಏನೇನೋ ಹೇಳ್ತಿದ್ದ, ಇದನ್ನ ಹೇಳಿಲ್ಲ," ಎಂದಳು ದಾಯೋ.

ನನ್ನನ್ನು ಕರೆದಾಗ ನಾನಿನ್ನೂ ಪಾತ್ರೆ ತೊಳೆಯುತ್ತಿದ್ದೆ. ಹತ್ತು ವರ್ಷದಿಂದ ಕಾಯಿಸುತ್ತಾರೆ ಎಂದು ಗೊಣಗಿದವಳಿಗೆ ಕರೆ ಬಂದಾಗ ಗುದ್ದಲಿಗೆ ಕಾವೇ ಇರಲಿಲ್ಲ. ಕಳೆದ ವಾರ ಹಿಡಿ ಮುರಿದಿತ್ತು, ಹೊಸದನ್ನು ಆಮೇಲೆ ಹಾಕಿದರಾಯಿತು ಎಂದು ಬಿಟ್ಟಿದ್ದೆ. ಸಕ್ವಾ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ತನ್ನ ಗುದ್ದಲಿ ಕೊಟ್ಟಳು. ಆ ವರ್ಷ ಮೂರೂ ಹೊಲಗಳ ಪೈರು ಒಂದೇ ಎತ್ತರ ಬಂತು.

ಪೈರು ಮೊಣಕಾಲುದ್ದ ಬಂದಾಗ ಗೂಬೆಮರಿಗಳು ಒಂದೊಂದಾಗಿ ಹಾರಿಹೋದವು, ಹುಟ್ಟಿದ ಸಾಲಿನಲ್ಲೇ. ಚೋಗೋ ಒಂದೇ ಉಳಿದು ಕಣಜದ ಅಂಚಿನಲ್ಲಿ ಕೂತು ಕೆಳಗೆ ನೋಡುವುದು, ಹಿಂದೆ ಸರಿಯುವುದು. ತುಪ್ಪಳವೆಲ್ಲ ಉದುರಿ ಅದೀಗ ನೋಡಲು ಚೆಂದವಾಗಿತ್ತು. ಒಂದು ಸಂಜೆ ಅದು ಕಣ್ಣು ಮುಚ್ಚಿಕೊಂಡು ಹಾರಿತೋ ಬಿದ್ದಿತೋ, ಅಂಗಳವನ್ನು ಅಡ್ಡಾದಿಡ್ಡಿ ದಾಟಿ ಒಗುಟು ಬಾವನ ಮನೆಯ ಹುಲ್ಲಿನ ಮಾಡಿನ ನೆತ್ತಿಗೆ ಹೋಗಿ ಅಂಟಿಕೊಂಡಿತು. ಅಲ್ಲಿ ಸಾವರಿಸಿಕೊಂಡು ಕೂತು, ಇಡೀ ಊರಿಗೆ ಕೇಳುವಂತೆ ಕಿರುಚಿತು.

ನಾವು ಅಂಗಳದಲ್ಲಿದ್ದವರೆಲ್ಲ ಗರಬಡಿದಂತೆ ನಿಂತೆವು. ಕಣಜದಲ್ಲಿರುವುದು ಬೇರೆ, ಮನೆಯ ಯಜಮಾನನ ನೆತ್ತಿಯ ಮೇಲೆ ಗೂಬೆ ಕೂತು ಕೂಗುವುದೇ ಬೇರೆ. ಬೇಲಿಯಾಚೆಯ ನೆರೆಯವನು ಬೊಬ್ಬೆ ಹೊಡೆದ.

"ಒಗುಟು! ಒಗುಟು! ನಿನ್ನ ಮನೆ ಮೇಲೆ ಗೂಬೆ! ಕೊಳ್ಳಿ ತಗೊಂಡ್ ಬಾ, ಬೇಗ!"

ಒಗುಟು ಬಾವ ಊಟದ ಕೈಯಲ್ಲೇ ಹೊರಗೆ ಬಂದ. ಹಿಂದೆ ನಡೆದು, ಕತ್ತೆತ್ತಿ, ಮಾಡಿನ ಮೇಲಿದ್ದುದನ್ನು ಬಹಳ ಹೊತ್ತು ನೋಡಿದ.

"ಯಾವ ಗೂಬೆ ಮಾರಾಯ?" ಎಂದು ಬೇಲಿಯ ಕಡೆ ಕೂಗಿದ. "ಅದು ನಮ್ಮನೆ ಚೋಗೋ. ಹಸಿವಾಗಿದೆ, ಅಣ್ಣನ್ನ ಕರೀತಿದೆ. ನೀನು ಹೋಗಿ ಊಟ ಮಾಡು."

ನನ್ನ ಗಂಡ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟ. ನಗುತ್ತಿದ್ದಾನೆ ಎಂದುಕೊಂಡು ಹತ್ತಿರ ಹೋದೆ. ನಗುತ್ತಿರಲಿಲ್ಲ.